ಹನ್ನೊಂದನೇ ಸೈಜಿನ ಬೂಟು

ರಜೆ ಮುಗಿಸಿ ಊರಿನಿಂದ ಬಂದವರು ಪೆಟ್ಟಿಗೆ ಬಿಚ್ಚುವ ದಿನ ಸೌದಿಯ ಜುಬೈಲಿನ ನಮ್ಮ ಕ್ಯಾಂಪಿನ ರೂಮಿನಲ್ಲಿ ಹಬ್ಬದ ಗದ್ದಲ. ಒಬ್ಬರಿಗೆ ಹಲ್ವಾ, ಇನ್ನೊಬ್ಬರಿಗೆ ಉಪ್ಪಿನಕಾಯಿ, ಮತ್ತೊಬ್ಬರಿಗೆ ಮನೆಯಲ್ಲಿ ಮಾಡಿ ಕಳಿಸಿದ ಸಿಗಡಿ ಚಟ್ನಿ. ಈ ಸಲ ನನ್ನ ಹೆಸರಿನದೂ ಒಂದು ಪೊಟ್ಟಣವಿತ್ತು. ಬಿಚ್ಚಿದರೆ ಬೂಟು, ನನ್ನದೇ ಬೂಟು. ಹೊರಗೆಲ್ಲ ಚೆನ್ನಾಗಿ ಒರೆಸಿದ್ದರು. ಆದರೂ ಮೂಗಿನ ಹತ್ತಿರ ತಂದಾಗ ನೋವಿನ ಎಣ್ಣೆಯ ವಾಸನೆ ಸಣ್ಣಗೆ ಬಂತು... ಆಟಕ್ಕೆ ಇಳಿಯುವ ಮೊದಲು ಕಾಕ ಕಾಲಿಗೆ ತಿಕ್ಕಿಕೊಳ್ಳುತ್ತಿದ್ದ ಎಣ್ಣೆ.

ಕಾಕ ನನಗೆ ಸಂಬಂಧಿಕರಲ್ಲ. ಉಳ್ಳಾಲದ ಕಡೆಯವರು, ನಾನು ಕಾಪುವಿನವನು. ಕ್ಯಾಂಪಿನಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನಮ್ಮ ವಾಲಿಬಾಲ್ ತಂಡದ ಕ್ಯಾಪ್ಟನ್ ಅವರು. ನಲವತ್ತೈದು ದಾಟಿದ್ದರೂ ನೆಟ್ಟಿನ ಎಡಮೂಲೆಯಲ್ಲಿ ಹಾರಿ ಹೊಡೆದರೆ ಎದುರಿನವರು ಚೆಂಡು ಬಿದ್ದ ಜಾಗ ನೋಡುವುದಷ್ಟೇ. ನಾನು ಲಿಫ್ಟರ್, ಹೊಡೆಯುವವರಿಗೆ ಚೆಂಡು ಎತ್ತಿಕೊಡುವವನು. ಯಾರಿಗೆ, ಎಷ್ಟು ಎತ್ತರಕ್ಕೆ ಕೊಡಬೇಕೆಂದು ಆ ಕ್ಷಣದಲ್ಲಿ ತೀರ್ಮಾನಿಸುವುದು ನನ್ನ ಕೆಲಸ. ಕಾಕನಿಗೆ ಕೊಡುವಾಗ ಮಾತ್ರ ಯೋಚನೆಯೇ ಬೇಡ. ಎತ್ತರಕ್ಕೆ ಬಿಟ್ಟರೆ ಸಾಕು, ಅವರು ಅಲ್ಲಿರುತ್ತಿದ್ದರು.

ಒಂದು ಶುಕ್ರವಾರ ಹಾರಿ ಇಳಿಯುವಾಗ ನನ್ನ ಮೊಣಕಾಲು ತಿರುಚಿತು. ಒಳಗಿನ ಲಿಗಮೆಂಟ್ ಹರಿದಿತ್ತು. ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದೆ. ಒಂಬತ್ತು ತಿಂಗಳು ಆಡಬಾರದು ಎಂದರು ಡಾಕ್ಟರು. ಪ್ಲಾಂಟಿನಲ್ಲಿ ನನ್ನದು ಪೈಪು ಕಟ್ಟಿ ಅಟ್ಟಣಿಗೆ ಏರಿಸುವ ಕೆಲಸ, ದಿನವಿಡೀ ಹತ್ತಿ ಇಳಿಯಬೇಕು. ಕಾಲು ಸರಿಯಾಗುವವರೆಗೆ ಸ್ಟೋರಿನಲ್ಲಿ ಕೂರಿಸಿದ್ದರು. ಕಾಲು ಇನ್ನೊಮ್ಮೆ ಹೋದರೆ ಆ ಕುರ್ಚಿಯೂ ಇಲ್ಲ, ಇಲ್ಲಿರಲು ಬೇಕಾದ ಇಕಾಮಾ ಪರವಾನಗಿಯೂ ಇಲ್ಲ, ನೇರ ಊರು.

ಐದನೇ ತಿಂಗಳಿಗೆ ಕ್ಯಾಂಪುಗಳ ನಡುವಿನ ಪಂದ್ಯಾಟದಲ್ಲಿ ನಮ್ಮವರು ಹೇಗೋ ಫೈನಲ್ ತಲುಪಿಬಿಟ್ಟರು. ಕಾಕ ಆ ಕಪ್ಪನ್ನು ಒಮ್ಮೆಯೂ ಗೆದ್ದಿರಲಿಲ್ಲ. ಇದು ಬಿಟ್ಟರೆ ಇನ್ನು ಗೆಲ್ಲುವ ಅವಕಾಶವೂ ಇರಲಿಲ್ಲ. ಫೈನಲ್ ಆದ ಮುಂದಿನ ವಾರ ಅವರು ಕೆಲಸ ಬಿಟ್ಟು ಊರಿಗೆ ಹೊರಡುವವರಿದ್ದರು. ನನಗೆ ನೋವು ಹೋಗಿತ್ತು. ಮೆಲ್ಲಗೆ ಓಡುತ್ತಲೂ ಇದ್ದೆ. ಆಡಿಯೇ ಆಡುತ್ತೇನೆ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದೆ. ಕಾಕನಿಗಾಗಿ.

ಆಟದ ದಿನ ಮಂಚದ ಕೆಳಗೆ ಕೈ ಹಾಕಿದರೆ ಬೂಟು ಇಲ್ಲ. ಹುಡುಕುತ್ತಾ ಹೊರಗೆ ಬಂದೆ. ಅಂಕಣದ ಪಕ್ಕದಲ್ಲಿ ಕಾಕ ಕೂತಿದ್ದರು, ಅವರ ಕಾಲಲ್ಲಿ ನನ್ನ ಬೂಟು! ನನ್ನ ಪಾದ ಹನ್ನೊಂದನೇ ಸೈಜು, ಇಡೀ ಕ್ಯಾಂಪಿಗೆ ತಮಾಷೆಯ ವಿಷಯ. ಅವರದು ಒಂಬತ್ತು.

"ಎಂತ ಮಾರಾಯ, ಇದು ಬೂಟಾ ದೋಣಿಯಾ? ಮುಂದೆ ಎರಡು ಕಾಲುಚೀಲ ತುರುಕಿದೆ, ಆದ್ರೂ ಜಾಗ ಉಂಟು."

"ಕೊಡಿ ಕಾಕ. ತಮಾಷೆ ಸಾಕು."

"ಪೆಟ್ಟಿಗೆಯಲ್ಲಿ ಇಟ್ರೆ ನೀನು ಬೀಗ ಒಡೀತೀ. ಕಾಲಲ್ಲಿದ್ರೆ ಎಂತ ಮಾಡ್ತೀ?"

ತಂಡದವರು ಸುತ್ತ ಸೇರಿದರು. "ಒಂದು ಸೆಟ್ಟಾದ್ರೂ ಆಡ್ಲಿ ಕಾಕ, ಅವನಿಗೇ ಮನಸ್ಸುಂಟಲ್ಲ," ಎಂದರು. "ಇದು ನಿಮ್ಮ ಕೊನೆಯ ಫೈನಲ್ ಕಾಕ," ಎಂದೆ.

ಅವರು ಲೇಸು ಬಿಗಿಯುತ್ತಲೇ ಹೇಳಿದರು. "ಫೈನಲ್ ನಂದು. ಮೊಣಕಾಲು ನಿಂದು. ನಾಳೆ ಪೈಪು ಹತ್ತುದು ಕಪ್ಪು ಅಲ್ಲ, ನೀನು. ಯಲ್ಲಾ, ನಡಿ, ಅಲ್ಲಿ ಕುರ್ಚಿ ಉಂಟು, ಕೂತ್ಕೊ."

ನನ್ನ ಅಳತೆಯ ಬೂಟು ಕ್ಯಾಂಪಿನಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಕೂತೆ. ನನ್ನ ಜಾಗಕ್ಕೆ ಪಕ್ಕದ ರೂಮಿನ ಎಲೆಕ್ಟ್ರಿಷಿಯನ್ ಇಳಿದ. ಅವನು ಎತ್ತಿದ ಚೆಂಡು ಕೆಲವೊಮ್ಮೆ ತಗ್ಗಾಗುತ್ತಿತ್ತು, ಕೆಲವೊಮ್ಮೆ ನೆಟ್ಟಿಗೆ ತಾಗುತ್ತಿತ್ತು. ಕಾಕ ಆ ದೊಡ್ಡ ಬೂಟಿನಲ್ಲಿ ಪಟಪಟ ಸದ್ದು ಮಾಡುತ್ತಾ ಓಡಿದರು. ಒಮ್ಮೆ ಮುಗ್ಗರಿಸಿ ಬಿದ್ದಾಗ ಎದುರು ತಂಡದವರೂ ನಕ್ಕರು, ಕಾಕನೂ ನಕ್ಕರು. ಆದರೂ ಆಟವನ್ನು ಕೊನೆಯ ಸೆಟ್ಟಿನವರೆಗೆ ಎಳೆದರು. ಅಲ್ಲಿ ಸೋತೆವು.

ನಾನು ತಲೆ ಎತ್ತಲಿಲ್ಲ. ಅವರೇ ಬಂದು ಪಕ್ಕದಲ್ಲಿ ಕೂತರು. "ಕಪ್ಪು ಸಿಕ್ಕಿದ್ರೂ ಎಲ್ಲಿ ಇಡುದು ಮಾರಾಯ? ಲಗೇಜು ಈಗಲೇ ಹೆಚ್ಚಾಗಿದೆ," ಎಂದರು. ಆದರೂ ಅವರು ಕಪ್ಪು ಇಟ್ಟ ಮೇಜಿನ ಕಡೆಗೇ ನೋಡುತ್ತಿದ್ದರು.

ದಮ್ಮಾಮಿನ ವಿಮಾನ ನಿಲ್ದಾಣಕ್ಕೂ ಅದೇ ಬೂಟು ಹಾಕಿಕೊಂಡು ಹೋದರು. "ನಿನ್ನ ಹತ್ರ ಬಿಟ್ರೆ ನಾಳೆಯೇ ಆಡ್ತೀ. ಒಂಬತ್ತು ತಿಂಗಳು ಆಗ್ಲಿ, ಕಳಿಸ್ತೇನೆ." ಆಮೇಲೆ ಪ್ರತಿ ಶುಕ್ರವಾರ ಫೋನು. ಸಲಾಮೂ ಇಲ್ಲ, ನಮಸ್ಕಾರವೂ ಇಲ್ಲ. ನೇರವಾಗಿ, "ಮೊಣಕಾಲು ಎಂತ ಹೇಳ್ತದೆ?"

ಒಂದು ಶುಕ್ರವಾರ ಫೋನು ಬರಲಿಲ್ಲ. ಮರುದಿನ ಸುದ್ದಿ ಬಂತು. ಎದೆನೋವು, ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಕ್ಯಾಂಪಿನ ಮಸೀದಿಯಲ್ಲಿ ಅವರಿಗಾಗಿ ಪ್ರಾರ್ಥಿಸಿದರು. ನಾನು ಹೊರಗೆ, ಚಪ್ಪಲಿಗಳ ಪಕ್ಕ ನಿಂತಿದ್ದೆ. ಆ ಹೊತ್ತಿಗೆ ಡಾಕ್ಟರು ಹೇಳಿದ ಅವಧಿ ಇನ್ನೂ ತುಂಬಿರಲಿಲ್ಲ.

ಪೊಟ್ಟಣದ ಜೊತೆ ಅವರ ಹೆಂಡತಿಯ ದನಿಯ ಸಂದೇಶವೂ ಫೋನಿಗೆ ಬಂದಿತ್ತು. "ಒಂಬತ್ತು ತಿಂಗಳು ಆಗದೆ ಕೊಡ್ಲಿಕ್ಕಿಲ್ಲ ಅಂತ ಹೇಳಿದ್ರು. ಈಗ ಆಯ್ತಲ್ಲ ಮಗಾ, ಅದಕ್ಕೆ ಕಳಿಸಿದೆ." ಬೂಟಿನ ತುದಿಯಲ್ಲಿ ಆ ಎರಡು ಕಾಲುಚೀಲ ಹಾಗೆಯೇ ಇದ್ದವು. ತೆಗೆದು ತಲೆದಿಂಬಿನ ಕೆಳಗೆ ಇಟ್ಟೆ.

ಡಾಕ್ಟರು ಆಡಬಹುದು ಎಂದಿದ್ದಾರೆ. ಪ್ಲಾಂಟಿನಲ್ಲಿ ಮತ್ತೆ ಪೈಪು ಹತ್ತುತ್ತಿದ್ದೇನೆ. ನಿನ್ನೆ ಶುಕ್ರವಾರ, ಬೂಟು ಹಾಕಿ ಅಂಕಣಕ್ಕೆ ಇಳಿದೆ. ಮೊದಲ ಚೆಂಡು ಬಂದಾಗ ಕೈ ತನ್ನಷ್ಟಕ್ಕೇ ಎಡಮೂಲೆಗೆ ಎತ್ತರಕ್ಕೆ ಬಿಟ್ಟಿತು. ಅಷ್ಟು ಎತ್ತರದಲ್ಲಿ ಯಾರೂ ಇರಲಿಲ್ಲ. ಚೆಂಡು ಸುಮ್ಮನೆ ನೆಲಕ್ಕೆ ಬಿತ್ತು.

"ಎಂತ ಅಣ್ಣ, ವಿಮಾನಕ್ಕೆ ಕೊಟ್ಟದ್ದಾ?" ಎಂದ ಈಗ ಅಲ್ಲಿ ಆಡುವವನು. ಎಲ್ಲರೂ ನಕ್ಕರು. ಅವನು ಈ ವರ್ಷ ಬಂದವನು, ಕಾಕನನ್ನು ಕಂಡವನಲ್ಲ.

"ಅಲ್ಲಿಗೆ ಹಾರುವವರು ಒಬ್ಬರು ಇದ್ದರು," ಎಂದೆ.

ಅವನು ಒಮ್ಮೆ ಮೇಲೆ ನೋಡಿದ, ಒಮ್ಮೆ ನನ್ನನ್ನು. "ಇನ್ನೊಂದು ಅಲ್ಲಿಗೇ ಕೊಡಿ. ನೋಡುವ."

ಕೊಟ್ಟೆ. ಅವನ ಬೆರಳ ತುದಿ ತಾಗಿತು, ಅಷ್ಟೇ.

"ಇನ್ನೊಂದು," ಎಂದ.