ಬಲಗಡೆಯಿಂದ ತೆರೆಯುವ ಪುಸ್ತಕ

ಎರಡನೇ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನಿಂದ ತಾಷ್ಕೆಂಟಿಗೆ ಓಡಿಹೋದ ಯಹೂದಿ ನಿರಾಶ್ರಿತರು ತಮ್ಮ ಯಿಡ್ಡಿಷ್ ಭಾಷೆಯಲ್ಲಿ ಬರೆದ ಕತೆಗಳನ್ನು ನಾನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತಂದೆ. ಪುಸ್ತಕ ದಾವಣಗೆರೆಯಲ್ಲಿ ಬಿಡುಗಡೆಯಾಯಿತು. ಅಧ್ಯಕ್ಷತೆ ನಿಜಲಿಂಗಪ್ಪ ಬಡಾವಣೆಯ ಒಬ್ಬ ನಿವೃತ್ತ ಪ್ರಾಧ್ಯಾಪಕರದು.

"ಎಂಜಲು ಅನುವಾದ ಕಣ್ರಿ ಇದು. ನಾನು ಮೂಲದಾಗೇ ಓದೀನಿ" ಎಂದರು ಮೈಕಿನಲ್ಲಿ. ಸಭೆ ನಕ್ಕಿತು. ನನ್ನ ಹೆಂಡತಿಯೂ ನಕ್ಕಳು. ಕೆಮ್ಮು ಬಂತು ಅಂತ ಆಮೇಲೆ ಹೇಳಿದಳು.

ಜನ ಪ್ರೀತಿಗೆ ಭಾಷೆ ಕಲಿಯುತ್ತಾರೆ. ನಾನು ಸೇಡಿಗೆ ಯಿಡ್ಡಿಷ್ ಕಲಿತೆ. ಎರಡು ವರ್ಷ ಒದ್ದಾಡಿ, ಬಿಪಿ ಮಾತ್ರೆ ಒಂದು ಹೆಚ್ಚಿಸಿಕೊಂಡು, ಗಂಟೆಗೆ ಮೂರು ಸಾಲು ಓದಿ ಅರ್ಥ ಮಾಡಿಕೊಳ್ಳುವ ಮಟ್ಟ ಮುಟ್ಟಿದೆ. ಮೂಲ ಕತೆಗಳನ್ನು ಪ್ರಿಂಟ್ ತೆಗೆಸಿ ನಿಟ್ಟುವಳ್ಳಿಯ ಬೈಂಡಿಂಗ್ ಚಾಚಾಗೆ ಕೊಟ್ಟೆ.

"ನಮ್ ಉರ್ದು ಹಂಗೆ ಬಲಗಡೆಯಿಂದ ಓದೋದಲ್ರಿ ಮೇಷ್ಟ್ರೇ? ಬೆನ್ನು ಬಲಕ್ಕೆ ಹಾಕ್ತೀನಿ. ಮ್ಯಾಲೆ ಹೆಸರು?"

"ಬ್ಯಾಡ್ರಿ. ಎರಡೂ ಕಡೆ ಬೋಳು ರಟ್ಟಿರ್ಲಿ."

ಚಾಚಾ ಕನ್ನಡಕದ ಮೇಲಿಂದ ನೋಡಿದರು. "ಯಾರ್ ಮ್ಯಾಲ್ರೀ ಸಿಟ್ಟು?"

ಪುಸ್ತಕವನ್ನು ಪ್ರಾಧ್ಯಾಪಕರಿಗೇ ಉಡುಗೊರೆ ಕೊಟ್ಟೆ. ಮುಂದಿನ ತಿಂಗಳು ಹರಿಹರದಲ್ಲಿ ಅದೇ ಕತೆಗಳ ಮೇಲೆ ಅವರ ಉಪನ್ಯಾಸ. ಹೆಂಡತಿಯ ಜತೆ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಒಂದೇ ಚಿಂತೆ: ಅವರಿಗೆ ನಿಜಕ್ಕೂ ಯಿಡ್ಡಿಷ್ ಬಂದುಬಿಟ್ಟರೆ?

ವೇದಿಕೆಯಲ್ಲಿ ಅವರು ಪುಸ್ತಕ ಎತ್ತಿ ತೋರಿಸುತ್ತಲೇ ಎದ್ದು ನಿಂತೆ. "ಸಾರ್, ಮೊದಲನೇ ಪುಟ ಒಂಚೂರು ಓದ್ರಿ."

ಅವರು ಕನ್ನಡ ಪುಸ್ತಕದಂತೆ ಎಡಗಡೆಯಿಂದ ತೆರೆದರು. ಗಂಟಲು ಸರಿಮಾಡಿಕೊಂಡು, "ಕತೆ ಶುರುವಾಗೋದೇ ಒಂದು ರೈಲಿನಿಂದ..." ಎಂದರು.

ವೇದಿಕೆ ಹತ್ತಿದೆ. ಪುಸ್ತಕ ತಿರುಗಿಸಿದೆ. "ಅದು ಕೊನೇ ಪುಟ ಸಾರ್. ಮೊದಲನೇದು ಈ ಕಡೆ ಐತೆ."

ಸಭೆ ಹೋ ಎಂದಿತು. ಹೆಂಡತಿ ಈ ಸಲ ಕೆಮ್ಮಲಿಲ್ಲ, ನೇರವಾಗಿಯೇ ನಕ್ಕಳು. ಆ ನಗುವನ್ನು ಇವತ್ತಿಗೂ ಆಗಾಗ ತೆಗೆದು ಚಪ್ಪರಿಸುತ್ತೇನೆ.

"ಹಂಗಾದ್ರ ನೀವೇ ಓದ್ರಿ" ಎಂದರು ಪ್ರಾಧ್ಯಾಪಕರು.

ಇದನ್ನು ಮಾತ್ರ ನಾನು ಯೋಚಿಸಿರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಆ ಕತೆಯವನು ತಾಷ್ಕೆಂಟಿನ ರೊಟ್ಟಿ ಸಾಲಿನಲ್ಲಿ ನಿಂತು ತನ್ನ ಸುಟ್ಟುಹೋದ ಊರಿನ ಬೀದಿಗಳ ಹೆಸರು ಬರೆಯುತ್ತಾನೆ. ಸುಟ್ಟವರ ಮೇಲೆ ಅವನಿಗೆ ಸಾಧ್ಯವಿದ್ದ ಸೇಡು ಅದೊಂದೇ. ನನ್ನ ರಟ್ಟಿನ ಸೇಡು ನೆನೆದು ನಾಚಿಕೆಯಾಯಿತು. ಆದರೂ ಮೂರು ಸಾಲು ಮುಗಿಸಿಯೇ ಬಿಟ್ಟೆ.

ನನ್ನ ಎರಡೂ ಕೈ ಪುಸ್ತಕದ ಮೇಲೆ ನಡುಗುತ್ತಿದ್ದುದರಿಂದ, ಅಷ್ಟು ಹೊತ್ತೂ ಮೈಕನ್ನು ನನ್ನ ಬಾಯಿಗೆ ಹಿಡಿದು ನಿಂತವರು ಆ ಪ್ರಾಧ್ಯಾಪಕರೇ. ಅವರ ಕೈ ನಡುಗಲಿಲ್ಲ. ಅದೊಂದು ಇನ್ನೂ ಉರಿಯುತ್ತದೆ.