ತಡೀರಿ, ನಾಯಿ ಬರ್ತಿದೆ

ನಮ್ಮ ಕಚೇರಿ ಕಟ್ಟಡದ ಲಿಫ್ಟಣ್ಣ ನೌಕರಿಯಲ್ಲಿ ಏರಿದ್ದನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರಬಹುದಿತ್ತು. ಇಳಿದದ್ದನ್ನು ಮಾತ್ರ ಸೇರಿಸಬೇಡಿ, ಮತ್ತೆ ನೆಲಕ್ಕೇ ಬರುತ್ತಾನೆ.

ಅವನಿಗಿದ್ದದ್ದು ಒಂದೇ ಚಟ. ಹಜಾರದ ಆ ತುದಿಯಲ್ಲಿ ಚಪ್ಪಲಿ ಸದ್ದಾದರೆ ಸಾಕು, ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಹಿಡಿದು, "ತಡೀರಿ, ಒಬ್ರು ಬರ್ತಿದ್ದಾರೆ" ಅನ್ನುತ್ತಿದ್ದ. ಕಪ್ಪು ಕೂದಲಿನಲ್ಲಿ ಹತ್ತಿದ ವಕೀಲರೊಬ್ಬರು ನರೆತು ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಗುಂಡಿ ಒತ್ತಿದರೆ ತಾನೇ ಓಡುವ ಲಿಫ್ಟು ಬಂತು. ಅದು ಯಾರಿಗೂ ಕಾಯುವುದಿಲ್ಲ. ಲಿಫ್ಟಣ್ಣ ಮನೆ ಸೇರಿದ. ಮನೆಯೆಂದರೆ ಒಂದು ಕೋಣೆ, ಗೋಡೆಗೆ ಮುಖ ಮಾಡಿದ ಒಂದು ಕಿಟಕಿ. ಹೆಂಡತಿ ಮಕ್ಕಳಿಲ್ಲ. ಮಾತಾಡದೆ ಮಾತಾಡದೆ ಗಂಟಲಲ್ಲಿ ಜೇಡ ಬಲೆ ಕಟ್ಟಿತ್ತು.

ಅಕ್ಕನ ಮಗಳು ತನ್ನ ಹಳೇ ಕಂಪ್ಯೂಟರು ತಂದಿಟ್ಟು ಒಂದು ಆಟ ಕಲಿಸಿದಳು. ಚಿತ್ರವಿಲ್ಲ, ಸದ್ದಿಲ್ಲ, ಕಪ್ಪು ಪರದೆಯ ಮೇಲೆ ಬರೀ ಗುರುತುಗಳು. ಚುಕ್ಕಿಯೆಂದರೆ ನೆಲ, ಗೆರೆಯೆಂದರೆ ಗೋಡೆ, ಇಂಗ್ಲಿಷಿನ ಒಂದೊಂದು ಅಕ್ಷರವೂ ಒಂದೊಂದು ಪ್ರಾಣಿ ಇಲ್ಲವೇ ಪಿಶಾಚಿ. ಮೆಟ್ಟಿಲು ಇಳಿದಿಳಿದು ಪಾತಾಳದ ನಿಧಿ ತರಬೇಕು. ಸತ್ತರೆ ಸತ್ತ ಹಾಗೇ; ಮತ್ತೆ ಶುರು ಮಾಡಿದರೆ ನೆಲಮಾಳಿಗೆಯೂ ಬೇರೆ, ಜೀವವೂ ಬೇರೆ. ಜೊತೆಗೊಂದು ನಾಯಿ, ಇಂಗ್ಲಿಷಿನ ಸಣ್ಣ 'ಡಿ' ಅಕ್ಷರ. ಇಳಿಯುವಾಗ ಅದು ಮಗ್ಗುಲಲ್ಲೇ ಇದ್ದರೆ ಜೊತೆಗೆ ಬರುತ್ತದೆ. ಇಲ್ಲವಾದರೆ ಮೇಲೇ ಉಳಿಯುತ್ತದೆ.

ಅಲ್ಲೇ ಎಡವಟ್ಟಾದದ್ದು.

ಒಂದು ಭಾನುವಾರ ನಾನು ಅವನ ಮನೆಗೆ ಹೋದಾಗ ಆ ಹುಡುಗಿಯೂ ಇದ್ದಳು. ಆಟದೊಳಗೆ ಲಿಫ್ಟಣ್ಣ ನಡೆಸುತ್ತಿದ್ದ ವೀರ ಮೆಟ್ಟಿಲ ಮೇಲೆ ನಿಂತಿದ್ದ. ಪರದೆಯ ತಳದಲ್ಲಿ ಹಸಿವಿನ ಎಚ್ಚರಿಕೆ ಬಂದಿತ್ತು, ಜೋಳಿಗೆ ಖಾಲಿ. ನಾಯಿ ಎಲ್ಲೋ ಗೋಡೆಯಾಚೆ.

"ಇಳಿ ಮಾಮ! ಕೆಳಗೆ ತಿನ್ನೋಕೇನಾದ್ರೂ ಸಿಗಬಹುದು. ಇಲ್ಲೇ ನಿಂತ್ರೆ ಸಾಯ್ತೀಯ."

"ತಡಿಯೇ, ನಾಯಿ ಬರ್ತಿದೆ."

"ಅದು ನಾಯಿ ಅಲ್ಲ ಮಾಮ, ಅಕ್ಷರ!"

"ಅಕ್ಷರಕ್ಕೆ ಅಷ್ಟು ನೆಟ್ಟಗೆ ಬಾಲ ಇರುತ್ತಾ?"

ನಾನು ಕೆಣಕಿದೆ. "ಲಿಫ್ಟಣ್ಣ, ನನಗೂ ಇಷ್ಟು ಹೊತ್ತು ಕಾದಿರ್ಲಿಲ್ಲವಲ್ಲ ನೀನು?"

"ನೀವು ಕಾಯಿಸಿದ್ರೆ ತಾನೇ ಸಾರ್? ಮನೆಗೆ ಹೋಗೋ ಹೊತ್ತಿಗೆ ಎಲ್ಲರಿಗಿಂತ ಮುಂಚೆ ನೀವೇ ಒಳಗಿರ್ತಿದ್ರಿ."

ಹುಡುಗಿ ಕಿಸಕ್ಕನೆ ನಕ್ಕಳು. ಅವನು ನಗಲಿಲ್ಲ. ವೀರನನ್ನು ನಿಂತಲ್ಲೇ ಕಾಯಿಸುವ ಕೀಲಿಯನ್ನೇ ಒತ್ತುತ್ತಾ ಹೋದ. ವೀರ ತಲೆಸುತ್ತಿ ಬಿದ್ದ, ಎದ್ದ, ಮತ್ತೆ ಬಿದ್ದ. ಪರದೆ ತುಂಬ ಗುರುತುಗಳಲ್ಲೇ ಕಟ್ಟಿದ ಗೋರಿಕಲ್ಲು ಮೂಡಿತು.

"ನಾಯಿ ಏನಾಯ್ತು?"

"ಆಟ ಮುಗೀತು ಮಾಮ. ಯಾವ್ದಾದ್ರೂ ಕೀಲಿ ಒತ್ತು, ಹೊಸ ಆಟ ಹಾಕಿಕೊಡ್ತೀನಿ. ಹೊಸ ನಾಯಿನೂ ಬರುತ್ತೆ."

ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಅದು ಸುತ್ತಾಡ್ಕೊಂಡು ಬಂದಾಗ ಮೆಟ್ಟಿಲ ಹತ್ರ ಯಾರೂ ಇಲ್ಲ ಅಂದ್ರೆ?"

ಅವಳು ಎದ್ದು ಚೀಲ ಹೆಗಲಿಗೇರಿಸಿದಳು, ನಾನು ಚಪ್ಪಲಿ ಮೆಟ್ಟಿದೆ. ಹೊರಟೆವು. ನಾವು ಬೀದಿಗಿಳಿಯುವವರೆಗೂ ಅವನು ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದ.

ಆ ಪರದೆಯನ್ನು ಅವನು ಇವತ್ತಿಗೂ ಆರಿಸಿಲ್ಲ. ನನ್ನ ಮಾತು ನಂಬಬೇಡಿ, ಅವಳನ್ನು ಕೇಳಿ.