ಕಾಕಾನ ಕಪ್ಪು ಮೂರು, ನನ್ನ ಎಡಗೈ

ಬ್ಲೌಸ್ ಹೊಲಿಯುವವರ ಎಡಗೈಯನ್ನು ಯಾರೂ ಗಮನಿಸುವುದಿಲ್ಲ. ಕತ್ತರಿ ಹಿಡಿಯುವುದು ಬಲಗೈ, ಹೆಸರೂ ಅದಕ್ಕೇ. ಆದರೆ ಮಷೀನಿನ ಸೂಜಿಯ ಕೆಳಗೆ ಬಟ್ಟೆಯನ್ನು ಹದವಾಗಿ ಒತ್ತಿ, ತೋಳಿನ ದುಂಡು ತಪ್ಪದಂತೆ ತಿರುಗಿಸುವುದು ಎಡಗೈಯ ಬೆರಳುಗಳು. ಬಸವಕಲ್ಯಾಣದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಹಾಕಿಕೊಂಡು ಇಷ್ಟು ವರ್ಷ ಹೊಲಿದ ನನಗೂ ಇದು ತಿಳಿದದ್ದು, ಅಂಗಳದಲ್ಲಿ ಜಾರಿ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡ ಮೇಲೆಯೇ.

ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, "ಎಲುಬು ಛಲೋ ಕೂಡ್ಯದ. ಬೆರಳಿಗೆ ಏನರೆ ಕೆಲಸ ಕೊಡ್ರಿ, ಹಗುರಕ ತಾಕತ್ತು ಬರ್ತದ" ಅಂದರು. ಮನೆಗೆ ಬಂದವಳೇ ಮಷೀನಿಗೆ ಕೂತೆ. ಹೊಲಿಗೆ ಸೊಟ್ಟ ಹೋಯಿತು. ಮಂದಿ ಬಟ್ಟೆ ಕೆಡಿಸುವುದು ಬೇಡವೆಂದು ಮಷೀನಿಗೆ ಮುಸುಕು ಹಾಕಿ ಎದ್ದುಬಿಟ್ಟೆ. ಬೆರಳಿಗೆ ಬೇರೆ ಏನು ಕೆಲಸ ಕೊಡುವುದು ಎಂದು ನೋಡುವಾಗ ಅಲಮಾರಿಯ ಮೇಲೆ ಗಿಟಾರು ಕಂಡಿತು. ಮಗಳು ಕಾಲೇಜಿನಲ್ಲಿದ್ದಾಗ ಹಟ ಹಿಡಿದು ತರಿಸಿಕೊಂಡು, ಲಾತೂರಿನ ಗಂಡನ ಮನೆಗೆ ಹೋಗುವಾಗ ಬಿಟ್ಟುಹೋದದ್ದು. ಅದರಲ್ಲಿಯೂ ಒತ್ತುವುದು ಎಡಗೈಯೇ ಅಲ್ಲವೇ? ಈ ತಂತಿ ಒತ್ತಲು ಬಂದರೆ ಬಟ್ಟೆಯೂ ಬಂದೀತು, ಬಾರದಿದ್ದರೆ ಮಷೀನಿನ ಮುಸುಕು ಮತ್ತೆ ತೆಗೆಯುವುದೇ ಬೇಡ ಅಂತ ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ಗಿಟಾರನ್ನು ಕೆಳಗಿಳಿಸಿದ್ದೇ ತಡ, ಕಾಕಾ ಬಂದರು. ಅಪ್ಪನ ತಮ್ಮ, ಮನೆಗೆ ಹಿರಿಯರು, ಗುರುವಾರ ಗುರುವಾರ ನಮ್ಮ ಪಡಸಾಲೆಯಲ್ಲಿ ಭಜನೆ ಹಾಡುವವರು. ಅವರ ದನಿ ಹಾರ್ಮೋನಿಯಂ ಪೇಟಿಯಲ್ಲಿ ಬೆರಳೊತ್ತುವ ಮೂರನೆಯ ಕಪ್ಪು ಮನೆಗೆ ಬರೋಬರಿ ಕೂಡುತ್ತದೆ. 'ಕಪ್ಪು ಮೂರು' ಅಂದರೆ ನಮ್ಮಲ್ಲಿ ಕಾಕಾ ಅಂತಲೇ ಅರ್ಥ. ಹೊಸ್ತಿಲು ದಾಟಿ ಬಂದ ಯಾವ ವಾದ್ಯವೇ ಆಗಲಿ, ಕಪ್ಪು ಮೂರಕ್ಕೆ ಸೇರಲೇಬೇಕು. ಏಕತಾರಿ ಸೇರಿದೆ, ತಬಲಾ ಸೇರಿದೆ. ಗಿಟಾರು ಯಾವ ದೊಡ್ಡ ಸಾಹೇಬ?

"ಕೊಡಿಲ್ಲಿ ಅದನ್ನ. ಕಿವಿ ಹಿಂಡಿದ್ರ ಎಂಥಾದೂ ದಾರಿಗೆ ಬರ್ತದ."

ಪೇಟಿ ಮುಂದಿಟ್ಟುಕೊಂಡು ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಕಪ್ಪು ಮೂರಕ್ಕೆ ಏರಿಸಿದರು. ಉಳಿದವನ್ನು ಅದಕ್ಕೆ ಹೇಗೆ ಹೊಂದಿಸಬೇಕೆಂದು ಮಗಳು ಫೋನಿನಲ್ಲಿ ಹೇಳುತ್ತಾ ಹೋದಳು, ಕಾಕಾ ತಿರುವುತ್ತಾ ಹೋದರು. ತಂತಿಗಳೆಲ್ಲ ಸೆಟೆದು ನಿಂತವು. ಕಾಕಾ ಕಣ್ಣು ಮುಚ್ಚಿ, "ಈಗ ನೋಡು, ಮನಿ ಮಗಳಾದ್ಲು" ಅಂದರು.

ಮನೆ ಮಗಳು ನನ್ನ ಬೆರಳು ಕೊಯ್ದಳು. ಒತ್ತಿದರೆ ತಂತಿ ಗಿಟಾರಿನ ಕತ್ತಿನ ಮೇಲಿನ ಅಡ್ಡ ಕಂಬಿಗೆ ತಾಗುತ್ತಲೇ ಇರಲಿಲ್ಲ. ಅರ್ಧ ತಾಗಿದಾಗ ಜೇನುಹುಳ ಡಬ್ಬಿಯೊಳಗೆ ಸಿಕ್ಕಂತೆ ಗುಂಯ್ಗುಡುತ್ತಿತ್ತು. ಕೈಹೊಲಿಗೆ ಹಾಕುವಾಗ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ದ ತೋರುಬೆರಳ ತುದಿ ಪ್ಲಾಸ್ಟರಿನ ದಿನಗಳಲ್ಲಿ ಕೂಸಿನ ಚರ್ಮದಂತೆ ಆಗಿಬಿಟ್ಟಿತ್ತು. ಫೋನಿನಲ್ಲಿ ಮಗಳು, "ಅವ್ವಾ, ಮೊದ್ಲ ಮೊದ್ಲ ಎಲ್ಲಾರಿಗೂ ನೋಯ್ತದ" ಅಂದಳು. ಕಾಕಾ, "ಉಗುರು ತಕ್ಕೋ" ಅಂದರು. ತೆಗೆದೆ. ನೋವು ಹೋಗಲಿಲ್ಲ. ಅವರು ತಂತಿಯ ನೋವಿನ ಮಾತಾಡುತ್ತಿದ್ದರು. ನನಗೆ ಎಲುಬಿನ ಫಿಕರ್. ಡಾಕ್ಟರು ಸುಮ್ಮನೆ ಸಮಾಧಾನ ಹೇಳಿರಬಹುದೇ?

ಒಂದು ಮಧ್ಯಾಹ್ನ ಸಣ್ಣ ತಂತಿ ಟಣ್ಣನೆ ಹರಿಯಿತು. ಹುಮನಾಬಾದಿನಲ್ಲಿ ಗಿಟಾರು ಕಲಿಸುವವರಿದ್ದಾರೆಂದು ಕೇಳಿದ್ದೆ. ತಂತಿ ಹಾಕಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿದೆ. ಹೋದದ್ದು ಮಾತ್ರ ನನ್ನ ಕೈಯ ತೀರ್ಪು ಕೇಳಲು.

ಬಸ್ಸಿನಲ್ಲಿ ಪಕ್ಕದ ಹೆಂಗಸು ಗಿಟಾರಿನ ಚೀಲ ಮುಟ್ಟಿ ನೋಡಿ, "ಏನ್ ಅಕ್ಕಾ, ಬ್ಯಾಂಡಿನಾಗ ಸೇರಾಕತ್ತೀರೇನು?" ಅಂದಳು.

"ಇಲ್ಲವ್ವಾ, ಕೈಗೆ ಇಲಾಜು ಅದ ಇದು."

"ದವಾಖಾನ್ಯಾಗ ಇದನ್ನೂ ಬರದು ಕೊಡ್ತಾರ?" ಎಂದು ಆಕೆ ಅಚ್ಚರಿಪಟ್ಟಳು. ಹುಮನಾಬಾದಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುವಷ್ಟು ಹೊತ್ತೂ ನಾನು ಬೆರಳು ಮಡಚುತ್ತಾ ಬಿಚ್ಚುತ್ತಾ ಕೂತಿದ್ದೆ.

ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಸಂಗೀತದ ಕ್ಲಾಸು. ಕಲಿಸುವಾಕೆ ನನ್ನ ಮಗಳ ವಯಸ್ಸಿನವಳು. ಕೂತವಳೇ ಎಲ್ಲ ಒಮ್ಮೆಗೇ ಕೇಳಿಬಿಟ್ಟೆ: ವಯಸ್ಸಾಯಿತೇ, ಬೆರಳು ಗಿಡ್ಡವೇ, ಮುರಿದ ಕೈಗೆ ಇದು ಆಗುವ ಮಾತೇ? ಆಕೆ ಉಳಿದ ತಂತಿಗಳ ಮೇಲೆ ಬೆರಳಿಟ್ಟಳು, ಕೂಡಲೇ ಹಿಂದೆ ತೆಗೆದಳು.

"ಅಯ್ಯ ಅಕ್ಕೋರೆ! ಇದು ಗಿಟಾರೋ, ಹೊಲದ ಬೇಲಿ ತಂತಿನೋ? ಯಾರ್ರಿ ಶ್ರುತಿ ಮಾಡಿದ್ದು?"

"ನಮ್ಮ ಕಾಕಾ. ಕಪ್ಪು ಮೂರಕ್ಕ."

ಆಕೆ ನಗಲು ಶುರುಮಾಡಿದಳು. "ಈ ದಪ್ಪ ತಂತಿ ಅದರ ಕೆಳಗಿನ ಬಿಳಿ ಮೂರಕ್ಕ ಇರಬೇಕ್ರಿ. ಅಷ್ಟು ಮ್ಯಾಲ ಎಳದ್ರ ನನಗೂ ಒತ್ತಾಕ ಬರಂಗಿಲ್ಲ."

"ನಿಮಗೂ?"

"ನೀವೇ ನೋಡ್ರಿ."

ತಂತಿಗಳನ್ನು ಇಳಿಸಿ, ಹರಿದದ್ದರ ಜಾಗದಲ್ಲಿ ಹೊಸದು ಹಾಕಿ ನನ್ನ ತೊಡೆಯ ಮೇಲಿಟ್ಟಳು. ಎರಡೇ ಬೆರಳು, ಕಂಬಿಗೆ ಹತ್ತಿರ ಇಡಿ ಅಂದಳು. ಒತ್ತಿದೆ. ಬೆಣ್ಣೆಯೇನಲ್ಲ, ನೋವು ಇತ್ತು. ಆದರೆ ಅದು ತುದಿಯಲ್ಲಿ ಮಾತ್ರ, ಮಣಿಕಟ್ಟು ತಣ್ಣಗಿತ್ತು. ಬಲಗೈಯನ್ನು ತಂತಿಗಳ ಮೇಲೆ ಎಳೆದೆ. ಆರೂ ತಂತಿ ಒಂದಾಗಿ ನುಡಿದವು. ಇನ್ನೊಮ್ಮೆ ಎಳೆದೆ. ಎಷ್ಟು ದಿನದಿಂದ ಹಿಡಿದಿಟ್ಟಿದ್ದ ಉಸಿರೋ, ಹೊರಗೆ ಬಂದಾಗ ಆ ಹುಡುಗಿ ನೀರು ತರಲೇ ಎಂದು ಕೇಳಿದಳು.

"ಕೈ ಆರಾಮ ಅದ ಅಕ್ಕೋರೆ. ತುದಿ ಗಟ್ಟಿ ಆಗತನಕ ದಿನಾ ಜರಾ ಜರಾ ಬಾರಿಸ್ರಿ. ಕಾಕಾರಿಗೂ ಸಿಟ್ಟು ಬ್ಯಾಡ" ಎಂದು ಒಂದು ಕ್ಲಿಪ್ಪು ಕೊಟ್ಟಳು. ಕ್ಯಾಪೊ ಅಂತಾರಂತೆ. ಗಿಟಾರಿನ ಕತ್ತಿನ ಮೇಲೆ ಎರಡನೆಯ ಕಂಬಿಯ ಮನೆಯಲ್ಲಿ ಕಚ್ಚಿಸಿದರೆ ತಂತಿ ಬಿಗಿಯದೆಯೇ ದನಿ ಕಪ್ಪು ಮೂರಕ್ಕೆ ಏರುತ್ತದೆ.

ಮನೆಗೆ ಬಂದಾಗ ಕಾಕಾ ಅದನ್ನು ತಿರುಗಿಸಿ ನೋಡಿ, "ಬಟ್ಟಿ ಒಣಗಿಸೋ ಚಿಮಟಾ ಇದ್ದಂಗದಲ್ಲ!" ಅಂದರು. ಬಾರಿಸಿ ತೋರಿಸಿದೆ. ಪೇಟಿಯ ಮನೆ ಒತ್ತಿ ತಾಳೆ ನೋಡಿದರು, ತಲೆ ಆಡಿಸಿದರು. "ಹಂಗಾರ ತಪ್ಪು ನಂದು ಅನ್ನು."

"ನಿಮ್ದಲ್ಲ ಕಾಕಾ, ಗಿಟಾರಿಂದು. ನಿಮ್ಮ ಕಾನೂನು ಅದಕ್ಕೇನು ಗೊತ್ತು?"

ಅವರು ನಗುತ್ತಾ ಪಡಸಾಲೆಗೆ ಹೋದರು. ಅಂದು ಗುರುವಾರ. ನಾನು ಮಾತ್ರ ಮಷೀನಿನ ಮುಸುಕು ತೆಗೆದು, ನನ್ನದೇ ಹಳೆಯ ತುಂಡು ಬಟ್ಟೆಯಲ್ಲಿ ತೋಳು ಕತ್ತರಿಸಿ, ಸೂಜಿಯ ಕೆಳಗಿಟ್ಟೆ. ಬೆರಳ ತುದಿ ಉರಿಯುತ್ತಿತ್ತು. ದುಂಡು ತಿರುವಿನಲ್ಲಿ ಒಂದು ಕಡೆ ತುಸು ಅಲುಗಿತು, ಮತ್ತೆ ದಾರಿಗೆ ಬಂತು.

"ಎಲ್ಲಿ ಹೋದ್ಯವ್ವಾ? ಚಿಮಟಾ ತೊಗೊಂಡು ಬಾ, ಶುರು ಮಾಡೂಣು!" ಕಾಕಾ ಕೂಗಿದರು.

"ತಡೀರಿ ಕಾಕಾ," ಅಂದೆ, "ಇನ್ನೊಂದು ತೋಳು ಅದ."